ಹಗ್ಗ ಎಳೆಯುವ ಮುಂಚೆ

ಪಿ.ಟಿ. ಟೀಚರ್ ಆಗಿ ಸೇರಿದ ವರ್ಷವೇ ಬಾವುಟದ ಜವಾಬ್ದಾರಿ ನಿನ್ನ ತಲೆಗೆ ಬಂತು ಅಂತ ನಿಮ್ಮಮ್ಮ ಹೇಳಿದಳು. ಬರದೆ ಇನ್ನೇನಮ್ಮಾ? ಯಾವ ಶಾಲೆಗೆ ಹೋದರೂ ಕಂಬ, ಹಗ್ಗ, ಸುಣ್ಣದ ಗೆರೆ ಎಲ್ಲ ನಮ್ಮ ಪಾಲಿಗೇ. ನಿನ್ನ ಮಾವ ಅದೇ ಕೆಲಸ ಮಾಡಿಕೊಂಡು ರಿಟೈರ್ ಆದವನು, ಅದಕ್ಕೇ ನಾಲ್ಕು ಮಾತು.

ಮೊದಲು ಕೈಕೆಲಸ. ಕೇಸರಿ ಮೇಲಕ್ಕೆ ಬರುತ್ತದೆಯೇ ಅಂತ ಹಿಂದಿನ ದಿನವೇ ಒಮ್ಮೆ ಏರಿಸಿ ನೋಡಿಬಿಡು. ಮಡಿಕೆಯೊಳಗೆ ಹೂವಿನ ಎಸಳು ಇಡಬಹುದು, ಧ್ವಜಸಂಹಿತೆಯೇ ಒಪ್ಪುತ್ತದೆ. ಒದ್ದೆ ಚೆಂಡುಹೂ ಮಾತ್ರ ಬೇಡ, ಬಿಳಿ ಪಟ್ಟಿಗೆ ಕಲೆ ಹತ್ತುತ್ತದೆ. ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ, ಗೌರವದಿಂದ. 2022ರ ಜುಲೈನಿಂದ ಬಯಲಲ್ಲಿ ಹಗಲೂ ರಾತ್ರಿ ಹಾರಿಸಬಹುದು ಅಂತ ನಿಯಮ ಬದಲಾಗಿದೆ. ಆದರೂ ಸಂಜೆ ಇಳಿಸಿಬಿಡು. ಆಗಸ್ಟ್ ತಿಂಗಳ ಗಾಳಿಮಳೆಯಲ್ಲಿ ರಾತ್ರಿಯೆಲ್ಲ ಅದನ್ನು ಕಾಯುವವರು ಯಾರು?

ಶೋಕಾಚರಣೆಯ ಆದೇಶ ಬಂದ ದಿನ ಬಾವುಟವನ್ನು ನೇರ ಅರ್ಧಕ್ಕೆ ತಂದು ನಿಲ್ಲಿಸುವುದಲ್ಲ. ಮೊದಲು ತುದಿಯವರೆಗೆ ಏರಿಸಿ, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವಾಗಲೂ ಇನ್ನೊಮ್ಮೆ ತುದಿ ಮುಟ್ಟಿಸಿಯೇ ಇಳಿಸಬೇಕು. ಇದನ್ನು ತಿಳಿದವರು ಊರಿಗೆ ಒಬ್ಬರೋ ಇಬ್ಬರೋ. ಆ ಒಬ್ಬರು ನೀನಾಗಿರು.

ಇನ್ನು ನವೆಂಬರ್ ಒಂದರ ವಿಷಯ. ನಿನಗೆ ನಿಜವಾದ ಕಷ್ಟ ಬರುವುದು ಅಂದೇ. ಊರಿನ ಹುಡುಗರು ಹಳದಿ-ಕೆಂಪು ಬಾವುಟ ಹಿಡಿದು ಬರುತ್ತಾರೆ, "ಮಿಸ್, ಇದನ್ನೂ ಅದೇ ಕಂಬಕ್ಕೆ ಕಟ್ಟಿ" ಅನ್ನುತ್ತಾರೆ. ಇನ್ನೊಬ್ಬ ಹಿರಿಯರು ಎದ್ದು, "ಶಾಲೆಯ ಆವರಣದಲ್ಲಿ ಎರಡನೇ ಬಾವುಟವೇ ಕೂಡದು" ಅನ್ನುತ್ತಾರೆ. ಇಬ್ಬರ ಮಾತೂ ತಪ್ಪು. ಒಂದೇ ಕಂಬದಲ್ಲಿ ರಾಷ್ಟ್ರಧ್ವಜದ ಜೊತೆ ಇನ್ನಾವ ಬಾವುಟವೂ ಹಾರಬಾರದು, ಇನ್ನೊಂದು ಅದಕ್ಕಿಂತ ಎತ್ತರಕ್ಕೂ ಹೋಗಬಾರದು, ಸರಿಸಮಕ್ಕೆ ಪಕ್ಕದಲ್ಲೂ ನಿಲ್ಲಬಾರದು. ಸಂಹಿತೆ ಹೇಳುವುದು ಇಷ್ಟು. ಕನ್ನಡದ ಬಾವುಟವನ್ನು ಬೇರೆ ಕಂಬಕ್ಕೆ, ತುಸು ದೂರದಲ್ಲಿ, ತುಸು ತಗ್ಗಿನಲ್ಲಿ ಕಟ್ಟಿಸು. ವೇದಿಕೆಯ ಮೇಲೆ ರಾಷ್ಟ್ರಧ್ವಜ ಭಾಷಣಕಾರರ ಬಲಕ್ಕೆ ಇರಲಿ, ಅಂದರೆ ಕೂತ ಮಕ್ಕಳಿಗೆ ಎಡಕ್ಕೆ. ಯಾರ ಜೊತೆಗೂ ಗಂಟಲು ಹರಿದುಕೊಳ್ಳಬೇಡ.

ಹುಡುಗರು ಆಗಲೂ ಜಗ್ಗಿದರೆ ಶಿವಪುರದ ಕಥೆ ಹೇಳು. 1938ರ ಏಪ್ರಿಲ್. ಮದ್ದೂರಿನ ಹತ್ತಿರ, ಶಿಂಷಾ ನದಿಯ ದಡದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ. ಚರಕದ ಬಾವುಟ ಹಾರಿಸಬಾರದು ಅಂತ ಸಂಸ್ಥಾನದ ಸರ್ಕಾರದ ನಿಷೇಧ. ಟಿ. ಸಿದ್ಧಲಿಂಗಯ್ಯನವರು ಅದನ್ನು ಲೆಕ್ಕಿಸದೆ ಬಾವುಟ ಏರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ, ಅದೇ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಸುದ್ದಿ ದೇಶವೆಲ್ಲ ಹಬ್ಬಿ, ಸರ್ದಾರ್ ಪಟೇಲರು ಮತ್ತು ಕೃಪಲಾನಿಯವರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಿಗೆ ಕೂತರು. ಕೊನೆಗೆ ಆದ ಒಪ್ಪಂದ ಏನು ಗೊತ್ತೇ? ಸಮಾರಂಭಗಳಲ್ಲಿ ಕಾಂಗ್ರೆಸ್ ಬಾವುಟವೂ ಮೈಸೂರು ಸಂಸ್ಥಾನದ ಬಾವುಟವೂ ಜೊತೆಗೆ ಹಾರಲಿ, ಪಕ್ಷದ ಸಭೆಗಳಲ್ಲಿ ಕಾಂಗ್ರೆಸ್ಸಿನದೊಂದೇ ಇರಲಿ ಅಂತ. ನೆತ್ತರು ಹರಿದ ಮೇಲೂ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ಜನಕ್ಕೆ ಯಾರೂ ಹೇಳಲಿಲ್ಲ, ಯಾವುದು ಎಲ್ಲಿ ಅನ್ನುವುದನ್ನು ಕೂತು ಗೊತ್ತುಮಾಡಿದರು. ನಮ್ಮ ಚರಿತ್ರೆಯ ಪಾಠಗಳಲ್ಲಿ ಗುಂಡಿನ ಸದ್ದು ಉಳಿದಿದೆ, ಈ ಒಪ್ಪಂದ ಮಾತ್ರ ಒಂದು ಸಾಲಿಗೆ ಇಳಿದುಬಿಟ್ಟಿದೆ. ನನಗೆ ಇದು ಇವತ್ತಿಗೂ ಸಿಟ್ಟು ತರಿಸುವ ವಿಷಯ.

ಹಳದಿ-ಕೆಂಪಿನ ಬಾವುಟ 1960ರ ದಶಕದ ಕನ್ನಡ ಚಳವಳಿಯಿಂದ ಬಂದದ್ದು, ಮ. ರಾಮಮೂರ್ತಿಯವರ ಕೊಡುಗೆ. ಸರ್ಕಾರದ ಮುದ್ರೆ ಇಲ್ಲದೆಯೇ ಆಟೋಸ್ಟ್ಯಾಂಡಿನಿಂದ ಅಮೆರಿಕದ ಕನ್ನಡ ಕೂಟಗಳವರೆಗೆ ಹೋಗಿದೆ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ ಸೇರಿಸಿ, ಗಂಡಭೇರುಂಡ ಇಟ್ಟ ಇನ್ನೊಂದು ವಿನ್ಯಾಸವನ್ನು ಒಪ್ಪಿ ಕೇಂದ್ರಕ್ಕೆ ಕಳಿಸಿತು. ಅಲ್ಲಿಂದ ಒಪ್ಪಿಗೆ ಬಂದ ಸುದ್ದಿ ನಾನಂತೂ ಕೇಳಿಲ್ಲ. ಹಾಗಾಗಿ ಮಕ್ಕಳು ಯಾವುದು ಸರಿ ಅಂತ ಕೇಳಿದರೆ, ಜನ ಹಿಡಿದದ್ದು ಎರಡು ಬಣ್ಣದ್ದು, ಸರ್ಕಾರ ಬರೆಸಿದ್ದು ಮೂರು ಬಣ್ಣದ್ದು ಅಂತ ಇದ್ದದ್ದನ್ನು ಇದ್ದಹಾಗೆ ಹೇಳು.

ಎನ್‌ಸಿಸಿ ಇದ್ದರೆ ಅದರ ಬಾವುಟವೂ ನಿನ್ನ ಸ್ಟೋರ್ ರೂಮಿನಲ್ಲೇ ಇರುತ್ತದೆ. ಕೆಂಪು ಭೂಸೇನೆಗೆ, ಕಡುನೀಲಿ ನೌಕಾಸೇನೆಗೆ, ತಿಳಿನೀಲಿ ವಾಯುಸೇನೆಗೆ. ಅದನ್ನು ಹರಡಿಟ್ಟರೆ ಸೇನೆಯ ಬಾವುಟಗಳ ಪಾಠ ಅಲ್ಲೇ ಶುರುವಾಗುತ್ತದೆ. ಭೂಸೇನೆಯ ಬಾವುಟದ ನೆಲ ಕೆಂಪು, ಅದರ ಮೇಲೆ ಅಡ್ಡಡ್ಡ ಇಟ್ಟ ಎರಡು ಕತ್ತಿ. ವಾಯುಸೇನೆಯದು ಆಕಾಶ ಬಣ್ಣದ್ದು. ಮೂರು ಸೇನೆಗಳ ಬಾವುಟದ ಮೇಲ್ಮೂಲೆಯಲ್ಲೂ ತಿರಂಗಾ ಇದ್ದೇ ಇದೆ.

ನೌಕಾಸೇನೆಯ ಬಾವುಟ ಮಾತ್ರ ಮತ್ತೆ ಮತ್ತೆ ಬದಲಾಗಿದೆ. ಬ್ರಿಟಿಷರ ಕಾಲದ ಕೆಂಪು ಶಿಲುಬೆ 2001ರಲ್ಲಿ ಹೋಯಿತು, 2004ರಲ್ಲಿ ಮರಳಿ ಬಂತು, 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ವಿಕ್ರಾಂತ್ ನೌಕೆ ಸೇವೆಗೆ ಸೇರಿದ ದಿನ ಮತ್ತೆ ಹೋಯಿತು. ಈಗ ಅಲ್ಲಿರುವುದು ನೀಲಿ ಎಂಟು ಮೂಲೆಯ ಚೌಕಟ್ಟು, ಒಳಗೆ ಲಂಗರು. ಶಿವಾಜಿ ಮಹಾರಾಜರ ಮುದ್ರೆಯಿಂದ ಪ್ರೇರಣೆ ಪಡೆದದ್ದು. ಸ್ಟಾಫ್ ರೂಮಿನ ಗೋಡೆಯ ಚಾರ್ಟ್‌ನಲ್ಲಿ ಇನ್ನೂ ಶಿಲುಬೆ ಇದ್ದರೆ ತೆಗೆಸಿಬಿಡು. ಮಕ್ಕಳನ್ನು ಪ್ರವಾಸಕ್ಕೆ ಕಾರವಾರಕ್ಕೆ ಕರೆದೊಯ್ದರೆ ಕಡಲತೀರದಲ್ಲಿ ನಿಲ್ಲಿಸಿರುವ ಚಪಲ್ ಯುದ್ಧನೌಕೆ ತೋರಿಸು. ಅಲ್ಲಿನ ನೌಕಾನೆಲೆಗೆ ಕದಂಬ ಅಂತ ಹೆಸರು, ಬನವಾಸಿಯ ಕದಂಬರೇ. ಅದನ್ನು ಹೇಳಿದರೆ ಮಕ್ಕಳ ಕಿವಿ ನಿಮಿರುತ್ತವೆ.

ಹರಿದ ಬಾವುಟವನ್ನು ಕಪಾಟಿನ ಮೂಲೆಗೆ ತುರುಕಬೇಡ, ಒರೆಸುಬಟ್ಟೆಯಂತೂ ಆಗಲೇಬಾರದು. ಜನರ ಕಣ್ಣಿಗೆ ಬೀಳದ ಕಡೆ, ಗೌರವದಿಂದ, ಇಡಿಯಾಗಿ ಸುಟ್ಟುಬಿಡು. ಮಕ್ಕಳು ಬೀಸಿದ ಕಾಗದದ ಬಾವುಟಗಳನ್ನು ಅಂದೇ ಮಧ್ಯಾಹ್ನ ಎಣಿಸಿ ವಾಪಸ್ ತಗೋ. ಇಲ್ಲದಿದ್ದರೆ ಮರುದಿನ ಚರಂಡಿಯಲ್ಲಿ ಸಿಗುತ್ತವೆ.

ಕೊಳ್ಳುವ ವಿಷಯಕ್ಕೆ ಬಂದರೆ, 2021ರ ಡಿಸೆಂಬರ್ ತಿದ್ದುಪಡಿಯ ಮೇಲೆ ಪಾಲಿಯೆಸ್ಟರ್ ಬಾವುಟಕ್ಕೂ ಅಡ್ಡಿಯಿಲ್ಲ. ಆದರೆ ಧಾರವಾಡದ ಗರಗದಲ್ಲಿ ಬಾವುಟದ ಖಾದಿ ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದ ಹೆಣ್ಣುಮಕ್ಕಳು ಬಾವುಟ ಹೊಲಿಯುತ್ತಾರೆ. ಅವರಿರುವಾಗ ನಮ್ಮ ಶಾಲೆಗೆ ಪಾಲಿಯೆಸ್ಟರ್ ಯಾಕಮ್ಮಾ? ಬಿಐಎಸ್ ಮಾನಕಗಳಲ್ಲಿ ಒಂದನೇ ನಂಬರಿನದೇ ರಾಷ್ಟ್ರಧ್ವಜದ್ದು, ಆ ಗುರುತು ನೋಡಿ ತಗೋ. ಅಗಲ ಮೂರಕ್ಕೆ ಎತ್ತರ ಎರಡು ಇದೆಯೇ, ಚಕ್ರ ಎರಡೂ ಬದಿಗೆ ಕಾಣುತ್ತದೆಯೇ, ಅದರಲ್ಲಿ 24 ಕಡ್ಡಿ ಇವೆಯೇ ಅಂತ ಎಣಿಸು. ನಿಮ್ಮ ಕಂಬಕ್ಕೆ 1350ಕ್ಕೆ 900 ಮಿಲಿಮೀಟರಿನದು ಸಾಕು. ಜುಲೈ ಮೊದಲ ವಾರವೇ ಹೆಡ್‌ಮಾಸ್ಟರ ಸಹಿ ಹಾಕಿಸಿ ಆರ್ಡರ್ ಕಳಿಸು, ಆಗಸ್ಟ್ ಹತ್ತಿರ ಬಂದಮೇಲೆ ಬೇಕಾದ ಅಳತೆ ಸಿಗುವುದು ಕಷ್ಟ. ರಸೀದಿ ಫೈಲಿಗೆ ಹಾಕುವುದನ್ನು ಮರೆಯಬೇಡ, ಆಡಿಟ್‌ನವರು ಕೇಳುತ್ತಾರೆ.