ಮಾಡಿನ ಮೇಲಿನ ಪ್ಯಾನೆಲ್ ಯಾರದ್ದು?

ಕುಂದಾಪುರದಿಂದ ಘಟ್ಟದ ಕಡೆ ಹೋದರೆ ಅಮಾಸೆಬೈಲು, ಮನೆಮನೆಗೂ ಸೋಲಾರ್ ದೀಪ ಬಂದು ಹೆಸರಾದ ಪಂಚಾಯತಿ. ನಾವು ಕ್ಲಾಸಲ್ಲಿ ಸೋಲಾರ್ ಸೆಲ್‌ನ ಎಫಿಶಿಯೆನ್ಸಿ ಲೆಕ್ಕ ಹಾಕ್ತೇವೆ. ಯಾವ ದೇಶದ ಸೆಲ್ ಹಾಕಬೇಕು ಅಂತ ಯಾರು ಹೇಳೋದು? ಸರ್ಕಾರ ಅಂದರೆ ಅರ್ಧ ಉತ್ತರ ಅಷ್ಟೇ.

2010ರ ರಾಷ್ಟ್ರೀಯ ಸೋಲಾರ್ ಮಿಷನ್‌ನಲ್ಲಿ ಕೆಲವು ಪ್ಲಾಂಟ್‌ಗಳು ಭಾರತದಲ್ಲೇ ತಯಾರಾದ ಸೆಲ್ ಬಳಸಬೇಕಿತ್ತು. (ಅವು ಗ್ರಿಡ್‌ಗೆ ಕರೆಂಟ್ ಮಾರುವ ಪ್ಲಾಂಟ್‌ಗಳು, ಅಮಾಸೆಬೈಲಿನಂಥ ಮನೆದೀಪಗಳಲ್ಲ.) 2013ರಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಗ್ಯಾಟ್ ಒಪ್ಪಂದದ ಪ್ರಕಾರ ಒಳಗಿನ ಸರಕು, ಹೊರಗಿನ ಸರಕು ಅಂತ ಭೇದ ಮಾಡುವಂತಿಲ್ಲ.

ಸರ್ಕಾರ ತನಗೆ ಬೇಕಾದ್ದನ್ನು ಕೊಳ್ಳುವಾಗ ವಿನಾಯಿತಿ ಇದೆ. ಭಾರತ ಅದನ್ನೇ ಹಿಡಿಯಿತು. 2016ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಮಂಡಳಿ ಒಪ್ಪಲಿಲ್ಲ: ಸರ್ಕಾರ ಕೊಂಡದ್ದು ಕರೆಂಟ್, ಭೇದ ಮಾಡಿದ್ದು ಸೆಲ್‌ನಲ್ಲಿ, ಎರಡೂ ಬೇರೆ ಸರಕು. ಸೆಲ್ ಇಲ್ಲದೆ ಆ ಕರೆಂಟ್ ಎಲ್ಲಿಂದ ಬರತ್ತೆ ಮಾರ್ರೆ! ಆದ್ರೂ ಸೋತೆವು.

2019ರಲ್ಲಿ ಅಮೆರಿಕದ ರಾಜ್ಯಗಳ ಇಂಥದ್ದೇ ರಿಯಾಯಿತಿಗಳ ವಿರುದ್ಧ ಭಾರತ ಗೆದ್ದಿತು. ಅಮೆರಿಕ ಮೇಲ್ಮನವಿ ಹಾಕಿತು. ಆದರೆ ಮಂಡಳಿಗೆ ಹೊಸಬರ ನೇಮಕಕ್ಕೆ ಅಡ್ಡ ನಿಂತದ್ದೂ ಅಮೆರಿಕವೇ. ಆ ವರ್ಷದ ಡಿಸೆಂಬರ್‌ನಿಂದ ಅಲ್ಲಿ ಮೇಲ್ಮನವಿ ಕೇಳುವಷ್ಟು ಜನ ಇಲ್ಲ.