ಯಕ್ಷಗಾನದ ಕ್ಯಾಸೆಟ್ಟು ಕೊಳ್ಳುವವರಿಗೊಂದು ಕಿವಿಮಾತು

ಮಂದಾರ್ತಿಯ ಜಾತ್ರೆಯಲ್ಲಿಯೋ ಕುಂದಾಪುರದ ಹಳೆಯ ಅಂಗಡಿಯಲ್ಲಿಯೋ, 1990ರಲ್ಲಿ ಅಕಾಲದಲ್ಲಿ ನಮ್ಮನ್ನಗಲಿದ ಭಾಗವತ ಕಾಳಿಂಗ ನಾವಡರ ಭಾವಚಿತ್ರವನ್ನು ಹಳೆಯದೊಂದು ಕ್ಯಾಸೆಟ್ಟಿನ ಮೇಲೆ ಕಂಡೊಡನೆಯೇ, ಒಳಗಿರುವುದೇನೆಂದು ವಿಚಾರಿಸದೆ ಹಣ ತೆರುವ ನಿಮ್ಮ ಅಭಿಮಾನವು ಶ್ಲಾಘ್ಯವೇ ಆದರೂ, ಪಶ್ಚಾತ್ತಾಪಕ್ಕೆ ಅದುವೇ ಮೂಲವೆಂಬುದನ್ನು ಮರೆಯಬೇಡಿರಿ. ಇರುಳಿಡೀ ಆಡುವ ಪ್ರಸಂಗವು 60 ನಿಮಿಷದ ಕ್ಯಾಸೆಟ್ಟಿನಲ್ಲಿ ಹಿಡಿಯಲಾರದು. ಆದುದರಿಂದ ಆಯ್ದ ಪದ್ಯಗಳೋ, ತಾಳಮದ್ದಳೆಯೋ, ಭಾಗವತರು ಯಾರು, ಚಂಡೆ ಮದ್ದಳೆ ಯಾರವು ಎಂಬುದನ್ನು ಹೊದಿಕೆಯ ಹಿಂಬದಿಯಲ್ಲಿ ಓದಿಕೊಳ್ಳಿರಿ. ಬಡಗುತಿಟ್ಟನ್ನು ಬಯಸಿದವರು ತೆಂಕುತಿಟ್ಟನ್ನು ಮನೆಗೆ ತಂದು ಪೇಚಾಡುವುದೂ ಉಂಟು. ಪ್ರತಿಯ ಪ್ರತಿಯಾದರಂತೂ ಚಂಡೆಯ ಗದ್ದಲವೊಂದೇ ಕೇಳೀತು, ಪದ್ಯದ ಸಾಹಿತ್ಯ ಕೇಳದು. ನಮ್ಮ ಕಡಲತಡಿಯ ಮಳೆಗಾಲಗಳನ್ನು ಕಂಡ ಟೇಪಿಗೆ ಬೂಷ್ಟು ಹಿಡಿದಿರುವುದೂ ಸಹಜವಾದ್ದರಿಂದ, ಅಂಗಡಿಯಲ್ಲಿಯೇ ಹಾಕಿಸಿ ಕೇಳಿರಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.