ಕೆಂಡದ ಒಲೆ: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಹೊಲದ ಬದುವಿನಲ್ಲಿ ಕುಳ್ಳಿನ ಕೆಂಡ ಮಾಡಿ, ಎಳೆಯ ಜೋಳದ ತೆನೆಯನ್ನು ಸುಟ್ಟು, ಅಂಗೈಯಲ್ಲಿ ತಿಕ್ಕಿ ಸೀತನಿ ತಿನ್ನುವುದು ವಿಜಯಪುರ, ಧಾರವಾಡಗಳ ಕಡೆಯ ನಮ್ಮ ಬಂಧುಗಳಿಗೆ ಹೊಸದಲ್ಲ. ಮರಾಠಿಗರು ಇದನ್ನೇ ಹುರಡಾ ಎನ್ನುತ್ತಾರೆ. ಕರಾವಳಿಯವರು ಬಂಗುಡೆಯನ್ನು ಕೆಂಡದ ಮೇಲೆ ಸುಡಬಲ್ಲರು. ಆದುದರಿಂದ ಪೇಟೆಯಲ್ಲಿ 'ಬಾರ್ಬೆಕ್ಯೂ' ಎಂಬ ಹೆಸರಿನಿಂದ ಮಾರುವ ಒಲೆಗಳನ್ನು ಕಂಡು ನಾವು ಬೆರಗಾಗಬೇಕಾದುದಿಲ್ಲ. ಬಯಲಿನಲ್ಲಿ ಕೆಂಡದ ಮೇಲೆ ಬೇಯಿಸುವ ಹಳೆಯ ವಿದ್ಯೆಯೇ ಅದು. ಆದರೆ ವನಭೋಜನಕ್ಕಾಗಿ ನಾಲ್ಕು ಜನ ಹಣ ಕೂಡಿಸಿ ಒಲೆ ಕೊಳ್ಳುವಾಗ ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂಬುದು ತಿಳಿದಿದ್ದರೆ ಹಣವೂ ಉಳಿದೀತು, ಪ್ರಾಣಕ್ಕೂ ಅಪಾಯವಾಗದು.

೧. ಒಲೆಗಳಲ್ಲಿ ಮೂರು ಬಗೆ

ಮೊದಲನೆಯದು ತೆರೆದ ಒಲೆ. ಕೆಳಗೆ ಕೆಂಡ, ಮೇಲೆ ಜಾಲರಿ, ಇಷ್ಟೇ. ಮುಂಬಯಿಯ ಶಿಗಡಿಯೂ ದೆಹಲಿಯ ಅಂಗೀಠಿಯೂ ಇದೇ ಜಾತಿಯವು. ಮುಸುಕಿನ ಜೋಳ, ಬದನೆಕಾಯಿ, ಮೀನು, ಸಣ್ಣ ಮಾಂಸದ ತುಂಡು ಮೊದಲಾದ ಬೇಗ ಬೇಯುವ ಪದಾರ್ಥಗಳಿಗೆ ಇದು ಸಾಕು.

ಎರಡನೆಯದು ಮುಚ್ಚಳವುಳ್ಳ ಒಲೆ. ೧೯೫೨ರಲ್ಲಿ ಅಮೆರಿಕದ ಶಿಕಾಗೋ ಕಡೆಯ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬವರು ಇದನ್ನು ಮಾಡಿದರು. ನೀರಿನಲ್ಲಿ ತೇಲಿಬಿಡುವ ಬೋಯೆಗಾಗಿ ತಯಾರಾಗುತ್ತಿದ್ದ ಲೋಹದ ಗೋಳದ ಒಂದು ಹೋಳಿಗೆ ಕಾಲು ಜೋಡಿಸಿ, ಇನ್ನೊಂದನ್ನು ಮುಚ್ಚಳ ಮಾಡಿ, ಗಾಳಿಗೆ ಕಂಡಿ ಕೊರೆದರು. ಮುಚ್ಚಳ ಹಾಕಿದಾಗ ಬಿಸಿಯು ಒಳಗೆಲ್ಲ ಸುತ್ತುವುದರಿಂದ ದಪ್ಪನೆಯ ತುಂಡೂ ಇಡಿಯ ಗೆಣಸೂ ಒಳಗಿನವರೆಗೆ ಬೇಯುತ್ತವೆ.

ಮೂರನೆಯದು ಹೊಗೆಯೊಲೆ. ಇದರಲ್ಲಿ ಪದಾರ್ಥವು ಬೆಂಕಿಗೆ ನೇರವಾಗಿ ಸಿಕ್ಕದೆ, ಸುಮಾರು ೧೦೫ರಿಂದ ೧೩೫ ಡಿಗ್ರಿ ಸೆಂಟಿಗ್ರೇಡಿನ ಹೊಗೆಬಿಸಿಯಲ್ಲಿ ಹಲವು ತಾಸು ಬೇಯುತ್ತದೆ. ಇಡೀ ದಿನ ಕಾಯುವ ವ್ಯವಧಾನವೂ ಬೆಲೆ ತೆರುವ ಶಕ್ತಿಯೂ ಇದ್ದವರಿಗೆ ಇದು ತಕ್ಕುದು. ನಮ್ಮಂಥವರ ಭಾನುವಾರಕ್ಕೆ ಮೊದಲಿನೆರಡೇ ಸಾಕು.

೨. ಒಲೆಯನ್ನು ಪರೀಕ್ಷಿಸುವ ಬಗೆ

ಅಂಗಡಿಯಲ್ಲಿ ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ಗಾಳಿಯ ದಾರಿಯನ್ನು. ಕೆಳಗಿನ ಕಂಡಿಯನ್ನು ತೆರೆದರೆ ಕೆಂಡ ಉರಿಗೊಳ್ಳುತ್ತದೆ, ಮುಚ್ಚಿದರೆ ಮಂದವಾಗುತ್ತದೆ. ಕಂಡಿಗೆ ಸರಿದಾಡುವ ತಗಡು ಇದ್ದರೆ ಬಿಸಿಯು ನಮ್ಮ ಹಿಡಿತದಲ್ಲಿರುತ್ತದೆ. ಬೂದಿ ಕೆಳಗೆ ಉದುರಲು ಕೆಂಡದ ಅಡಿಯಲ್ಲೂ ಒಂದು ಜಾಲರಿ ಬೇಕು. ಇಲ್ಲವಾದರೆ ಬೂದಿ ತುಂಬಿ ಕೆಂಡ ಉಸಿರುಗಟ್ಟುತ್ತದೆ.

ಎರಡನೆಯದಾಗಿ, ಕೆಂಡಕ್ಕೂ ಮೇಲಿನ ಜಾಲರಿಗೂ ನಡುವೆ ೧೦ರಿಂದ ೧೫ ಸೆಂಟಿಮೀಟರ್ ಅಂತರವಿರಲಿ. ತೀರ ಹತ್ತಿರವಾದರೆ ಹೊರಗೆ ಕರಿಕು, ಒಳಗೆ ಹಸಿ. ತಗಡು ದಪ್ಪವಾಗಿರಲಿ. ತೆಳುವಾದದ್ದು ಬೇಗ ಸೊಟ್ಟಗಾಗುತ್ತದೆ. ನೆಲದ ಮೇಲಿಟ್ಟು ಅಲುಗಿಸಿ ನೋಡಬೇಕು. ಕಾಲು ನಡುಗುವ ಒಲೆ ಮಕ್ಕಳಿರುವಲ್ಲಿ ಬೇಡವೇ ಬೇಡ.

ಮೂರನೆಯದಾಗಿ, ಸತುವಿನ ಲೇಪವಿರುವ ಬಲೆಯನ್ನಾಗಲಿ, ಹಳೆಯ ಬಕೀಟಿನಿಂದ ಮಾಡಿದ ಒಲೆಯನ್ನಾಗಲಿ ಅಗ್ಗವೆಂದು ಕೊಳ್ಳಬಾರದು. ಸತು ಸುಮಾರು ೪೨೦ ಡಿಗ್ರಿಗೆ ಕರಗುತ್ತದೆ. ಉರಿಯುವ ಕೆಂಡದ ಬಿಸಿ ಅದನ್ನು ಮೀರುತ್ತದೆ. ಸತು ಅತಿಯಾಗಿ ಕಾದಾಗ ಏಳುವ ಹೊಗೆ ಸೇವಿಸಿದರೆ ಚಳಿಜ್ವರ ಬರುವುದುಂಟು. ಬರಿಯ ಕಬ್ಬಿಣ, ಬೀಡು, ಇಲ್ಲವೇ ಸ್ಟೇನ್‌ಲೆಸ್ ಉಕ್ಕಿನ ಜಾಲರಿಯೇ ಮೇಲು.

೩. ಜೊತೆಯ ಸಾಮಾನುಗಳು

ಉದ್ದನೆಯ ಇಕ್ಕಳ, ಬೀಸಣಿಗೆ, ಮೀನಿಗೆ ಎರಡು ಮಗ್ಗುಲಿನ ಬಲೆ, ಚಪ್ಪಟೆಯಾದ ಕಬ್ಬಿಣದ ಸರಳು, ಇವು ಬೇಕಾದುವು. ದುಂಡು ಸರಳಿನಲ್ಲಿ ತುಂಡುಗಳು ಸುತ್ತಿಕೊಳ್ಳುತ್ತವೆ, ಚಪ್ಪಟೆಯದರಲ್ಲಿ ನಿಲ್ಲುತ್ತವೆ. ಬಿದಿರಿನ ಕಡ್ಡಿಯಾದರೆ ಅರ್ಧ ತಾಸು ನೀರಿನಲ್ಲಿ ನೆನೆಸಬೇಕು. ಜಾಲರಿ ಉಜ್ಜಲು ತಂತಿಯ ಬ್ರಷ್ ಬೇಡ. ಅದರ ಎಳೆ ಮುರಿದು ಅಡುಗೆಗೆ ಸೇರಿದರೆ ಗಂಟಲಿಗೆ ಅಪಾಯ. ಜಾಲರಿ ಬಿಸಿಯಿರುವಾಗಲೇ ಅರ್ಧ ಈರುಳ್ಳಿಯನ್ನು ಸರಳಿಗೆ ಚುಚ್ಚಿ ಉಜ್ಜಿದರೆ ಸಾಕು. ಕೋಳಿ ಸುಡುವವರು ಚುಚ್ಚಿ ನೋಡುವ ಉಷ್ಣಮಾಪಕವನ್ನು ಕೊಳ್ಳುವುದು ಒಳ್ಳೆಯದು. ದಪ್ಪ ಭಾಗದ ನಡುವೆ ೭೪ ಡಿಗ್ರಿ ಮುಟ್ಟುವವರೆಗೆ ಅದನ್ನು ಇಳಿಸಬಾರದು. ಹಸಿ ಮಾಂಸವಿಟ್ಟ ತಟ್ಟೆಗೆ ಬೆಂದುದನ್ನು ತಿರುಗಿ ಹಾಕಬಾರದು. ಒಂದು ಬಕೀಟು ನೀರು ಅಥವಾ ಮರಳು ಸದಾ ಪಕ್ಕದಲ್ಲಿರಲಿ.

೪. ಹೊತ್ತಿಸುವ ಕ್ರಮ

ಕಾಗದ ಮತ್ತು ಸಣ್ಣ ಚಕ್ಕೆಯಿಂದ ಇದ್ದಿಲು ಹೊತ್ತಿಸಬೇಕು. ಹೊತ್ತಿದ ಕೆಂಡಕ್ಕೆ ಸೀಮೆಎಣ್ಣೆ ಸುರಿಯುವುದು ಮುಖಕ್ಕೆ ಬೆಂಕಿ ಕರೆದಂತೆ. ಜ್ವಾಲೆ ಅಡಗಿ ಕೆಂಡದ ಮೈಮೇಲೆ ಬಿಳಿ ಬೂದಿ ಕಂಡಾಗ ಅಡುಗೆಗೆ ಹದ. ಕೆಂಡವನ್ನೆಲ್ಲ ಒಂದು ಮಗ್ಗುಲಿಗೆ ಸರಿಸಿ, ಇನ್ನೊಂದು ಮಗ್ಗುಲನ್ನು ಖಾಲಿ ಬಿಟ್ಟರೆ, ಸೀಯುತ್ತಿರುವುದನ್ನು ಅಲ್ಲಿಗೆ ಎಳೆದಿಡಬಹುದು.

೫. ಎಲ್ಲಕ್ಕಿಂತ ಮುಖ್ಯವಾದ ಮಾತು

ಈ ಒಲೆಗಳ ಸ್ಥಳ ಬಯಲು ಮಾತ್ರ. ಹೊಗೆಯಿಲ್ಲದೆ ಕೆಂಪಗಿರುವ ಕೆಂಡವನ್ನು ಕಂಡು ನಿರಪಾಯವೆಂದು ಭಾವಿಸುವವರುಂಟು. ನಿಜವಾಗಿ ಆ ಕೆಂಡದಿಂದಲೇ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುವುದರಿಂದ, ದೇಹಕ್ಕೆ ಪ್ರಾಣವಾಯು ಸಿಗದಾಗುತ್ತದೆ. ದೆಹಲಿಯ ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರು ಬೆಳಿಗ್ಗೆ ಏಳದೇ ಹೋದ ವಾರ್ತೆಗಳು ಮತ್ತೆ ಮತ್ತೆ ಬರುತ್ತವೆ. ಅವರಲ್ಲಿ ಅನೇಕರು ದುಡಿಮೆಗಾಗಿ ಬಂದು ಒಂದೇ ಕೋಣೆಯಲ್ಲಿ ಬಾಳುವವರು, ಅಂದರೆ ನಮ್ಮಂಥವರೇ.

ಆದುದರಿಂದ ಮಳೆ ಬಂತೆಂದು ಒಲೆಯನ್ನು ಒಳಗೆ ತರಬಾರದು. ಕಿಟಕಿ ತೆರೆದಿದೆ ಎಂಬ ಧೈರ್ಯವೂ ಸಲ್ಲದು. ಉಳಿದ ಕೆಂಡದಿಂದ ಚಳಿ ಕಾಯಿಸಿಕೊಳ್ಳುವ ಆಸೆ ಬೇಡ. ಬೂದಿಯೊಳಗೆ ಕೆಂಡ ಬಹಳ ಹೊತ್ತು ಜೀವದಿಂದಿರುತ್ತದೆ. ನೀರು ಹಾಕಿ ಪೂರ್ತಿ ನಂದಿಸಿ, ಹೊರಗೇ ಬಿಡಬೇಕು. ಕೆಂಡವಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ತಲೆಸುತ್ತು, ವಾಂತಿ, ಮಂಪರು ಕಂಡರೆ ಕೂಡಲೆ ಹೊರಗಿನ ಗಾಳಿಗೆ ತಂದು, ೧೧೨ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ನೆನಪಿಡತಕ್ಕ ಅಂಶಗಳು

(೧) ಗಾಳಿಕಂಡಿ ನೋಡಿ ಒಲೆ ಕೊಳ್ಳಿರಿ.
(೨) ಸತುವಿನ ಲೇಪವನ್ನು ದೂರವಿಡಿರಿ.
(೩) ಬಿಳಿ ಬೂದಿ ಕಂಡ ಮೇಲೆ ಅಡುಗೆ ಆರಂಭಿಸಿರಿ.
(೪) ಕೆಂಡವನ್ನು ಎಂದಿಗೂ ಮನೆಯೊಳಗೆ ತರಬೇಡಿರಿ.

ಮೊದಲ ಮೂರನ್ನು ಮರೆತರೆ ಒಂದು ಹೊತ್ತಿನ ಊಟವೋ ಒಂದಿಷ್ಟು ಹಣವೋ ಹೋದೀತು, ಹೆಚ್ಚೆಂದರೆ ನಾಲ್ಕು ದಿನದ ಜ್ವರ ಬಂದೀತು. ನಾಲ್ಕನೆಯದನ್ನು ಮರೆತರೆ ಇಡೀ ಸಂಸಾರವೇ ಹೋದೀತು. ಓದುಬಾರದ ನೆರೆಯವರಿಗೂ ಈ ನಾಲ್ಕನೆಯ ಮಾತನ್ನು ತಿಳಿಸಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ.